ಬಾಗಿಲಿಲ್ಲದ ಕಾರಿನ ಚೆಲುವು

ಡ್ಯೂನ್ ಬಗ್ಗಿ ಅಂದ್ರೆ ತುಂಬಾ ಜನಕ್ಕೆ ಅದೊಂದು ಆಟಿಕೆ. ದಪ್ಪ ದಪ್ಪ ಚಕ್ರ, ಕಣ್ಣು ಬಿಟ್ಕೊಂಡಿರೋ ಹೆಡ್‌ಲೈಟು, ಸೂರಿಲ್ಲ, ಬಾಗಿಲಿಲ್ಲ... ಕಾರ್ಟೂನಿನಿಂದ ಎದ್ದು ಬಂದ ಹಾಗಿರುತ್ತೆ. ಆದ್ರೆ ನನ್ನ ಪ್ರಕಾರ ಇಷ್ಟು ಪ್ರಾಮಾಣಿಕವಾದ ಕಾರ್ ಡಿಸೈನ್ ಸಿಗೋದು ಅಪರೂಪ. ಯಾಕೆ ಅಂತ ಹೇಳ್ತೀನಿ, ಆಮೇಲೆ ಜಗಳ ಆಡೋಣ :)

ನಾನು ಹೇಳ್ತಿರೋದು 'ಮೇಯರ್ಸ್ ಮ್ಯಾಂಕ್ಸ್' ಬಗ್ಗೆ. ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಯಾವ ಕಾರ್ ಕಂಪನಿಯವರೂ ಅಲ್ಲ. ಸರ್ಫಿಂಗ್ ಮಾಡ್ಕೊಂಡು, ಫೈಬರ್‌ಗ್ಲಾಸ್ ದೋಣಿ ಕಟ್ಕೊಂಡು ಇದ್ದವರು. 1964ರಲ್ಲಿ ಅದೇ ಫೈಬರ್‌ಗ್ಲಾಸ್‌ನಲ್ಲಿ ಒಂದು ಬಾಡಿ ಮಾಡಿ, ಅದಕ್ಕೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ನು, ಸಸ್ಪೆನ್ಷನ್ನು ಜೋಡಿಸಿದ್ರು. ಆಮೇಲೆ ಕಿಟ್ ಮಾರೋಕೆ ಶುರು ಮಾಡಿದಾಗ ಕೆಲಸ ಇನ್ನೂ ಸರಳ ಆಯ್ತು: ಹಳೇ ಬೀಟಲ್ ತಗೊಳ್ಳಿ, ಮೇಲಿನ ಬಾಡಿ ಕಿತ್ತುಹಾಕಿ, ತಳದ ಚೌಕಟ್ಟನ್ನ ಸುಮಾರು 14 ಇಂಚು ಕತ್ತರಿಸಿ ಮತ್ತೆ ವೆಲ್ಡ್ ಮಾಡಿ, ಮೇಲೆ ಫೈಬರ್ ಚಿಪ್ಪು ಕೂರಿಸಿ. ಅಷ್ಟೇ!

ಈಗ ಅದರ ಆಕಾರ ನೋಡಿ. ಫೈಬರ್‌ಗ್ಲಾಸಿನ ಚಪ್ಪಟೆ ಹಾಳೆ ಬಳುಕುತ್ತೆ. ಅದನ್ನೇ ಎರಡೂ ದಿಕ್ಕಿಗೆ ಬಾಗಿಸಿದ್ರೆ ಮೊಟ್ಟೆ ಚಿಪ್ಪಿನ ಹಾಗೆ ಗಟ್ಟಿಯಾಗುತ್ತೆ. ಅಂದ್ರೆ ಆ ಗುಂಡುಗುಂಡು ಮೈ ಬರೀ ಶೋಕಿಗಲ್ಲ. ಬಾಗಿಲಿಗೆ ಅಂತ ಪಕ್ಕ ಕೊಯ್ದಿದ್ರೆ ಆ ಬಿಗಿ ಹೋಗ್ತಿತ್ತು. ಹಾಗಾಗಿ ಕಾಲೆತ್ತಿ ಹತ್ತಬೇಕು. ಎಂಜಿನ್ ಹಿಂದಿದೆ, ಗಾಳಿಯಿಂದಲೇ ತಣ್ಣಗಾಗುತ್ತೆ, ರೇಡಿಯೇಟರ್ ಇಲ್ಲ. ಅದಕ್ಕೇ ಮುಂದೆ ಜಾಲರಿ ಇಲ್ಲದ ನುಣುಪು ಮುಖ. ಭಾರವೆಲ್ಲ ಗಾಡಿ ನೂಕೋ ಹಿಂದಿನ ಚಕ್ರಗಳ ಮೇಲೇ ಬೀಳೋದ್ರಿಂದ ಫೋರ್ ವೀಲ್ ಡ್ರೈವ್ ಇಲ್ದೇನೂ ಮರಳಲ್ಲಿ ಹಿಡಿತ ಸಿಗುತ್ತೆ. ಇಲ್ಲಿ ಒಂದೊಂದು ಗೆರೆಗೂ ಕಾರಣ ಕೇಳಿ, ಉತ್ತರ ಇದೆ.

"ಚೆಂದ ಸರಿ, ಓಡುತ್ತಾ?" ಅಂತೀರಾ? 1967ರಲ್ಲಿ ಮೇಯರ್ಸ್ ಮತ್ತು ಟೆಡ್ ಮ್ಯಾಂಗಲ್ಸ್ ಮೆಕ್ಸಿಕೋದ ಲಾ ಪಾಸ್ ಮತ್ತು ಟಿಹುವಾನಾ ನಡುವಿನ ಕಲ್ಲುಮಣ್ಣಿನ ದಾರಿಯನ್ನ 34 ಗಂಟೆ 45 ನಿಮಿಷದಲ್ಲಿ ಮುಗಿಸಿ, ಮೋಟಾರ್ ಸೈಕಲ್ ದಾಖಲೆಯನ್ನೇ ಮುರಿದ್ರು.

ಇನ್ನು ಬೇಜಾರಿನ ವಿಷಯ. ಅಚ್ಚಿನಲ್ಲಿ ತೆಗೆದ ಬಾಡಿ ಒಂದು ಕೈಗೆ ಸಿಕ್ಕಿದ್ರೆ ಸಾಕು, ಅದರ ಮೇಲೇ ಇನ್ನೊಂದು ಅಚ್ಚು ತೆಗೀಬಹುದು. ಊರೂರಲ್ಲಿ ನಕಲು ಶುರುವಾಯ್ತು. ಪೇಟೆಂಟ್ ಹಿಡ್ಕೊಂಡು ಕೋರ್ಟಿಗೆ ಹೋದ್ರೆ ಅಲ್ಲೂ ಸೋಲು. ಮೇಯರ್ಸ್ ಮಾಡಿದ್ದು ಕೆಲವು ಸಾವಿರ ಕಿಟ್. ನಕಲುಗಳು ಅದರ ಎಷ್ಟೋ ಪಟ್ಟು. 1971ರಲ್ಲಿ ಅವರ ಕಂಪನಿ ಮುಚ್ಚಿತು. 2014ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ಪಟ್ಟಿಗೆ ಅವರ ಮೊದಲ ಬಗ್ಗಿ ಸೇರಿತು. 2021ರಲ್ಲಿ, 94ನೇ ವಯಸ್ಸಿನಲ್ಲಿ, ಅವರು ತೀರಿಕೊಂಡ್ರು.

"ಅಷ್ಟು ಸರಳವಾದದ್ದಕ್ಕೆ ಹಕ್ಕೇನು?" ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ. ಕೋಡ್ ಬರೆಯೋರಿಗೆ ಗೊತ್ತು, ಹತ್ತು ಸಾಲಿನ ಪ್ರೋಗ್ರಾಮ್ ನೋಡಿ "ಇಷ್ಟೇನಾ" ಅನ್ನೋದು ಸುಲಭ, ಅದನ್ನ ಹತ್ತು ಸಾಲಿಗೆ ಇಳಿಸೋದೇ ಕಷ್ಟ. ನೋಡಿ ಕಲೀಲಿ, ಬದಲಾಯಿಸಲಿ, ತಮ್ಮದೂ ಒಂದು ಕಟ್ಟಲಿ, ಓಪನ್ ಸೋರ್ಸ್ ನಡೆಯೋದೇ ಹಾಗೆ. ಆದ್ರೆ ಅಲ್ಲಿ ಮೊದಲು ಬರೆದವರ ಹೆಸರು ಇರುತ್ತೆ. ನಮ್ಮ ಬರಹಗಳೇ ಹೆಸರು ಕಳ್ಕೊಂಡು ಫಾರ್ವರ್ಡ್ ಆಗಿ ವಾಪಸ್ ನಮಗೇ ಬಂದಾಗ ಹೊಟ್ಟೆ ಉರಿಯಲ್ವಾ? ಇದೂ ಅದೇ.

ನೀವೇನಂತೀರಿ?