ಚಾಕು ಚೆನ್ನಾಗಿದೆ, ನೆಪ ಚೆನ್ನಾಗಿಲ್ಲ

ನನ್ನ ಹತ್ರ ಹನ್ನೊಂದು ಮಡಚು ಚಾಕುಗಳಿವೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದನ್ನ ಓದಿ ‘ಇವನಿಗೆ ಚಾಕು ಅಂದ್ರೆ ಅಲರ್ಜಿ’ ಅನ್ನೋರು ಇದ್ದೇ ಇರ್ತಾರೆ. ನನಗೆ ಅಲರ್ಜಿ ಇರೋದು ಚಾಕುವಿನ ಜೊತೆ ಅಂಟಿಕೊಂಡು ಬರೋ ಎರಡು ಪದಗಳ ಮೇಲೆ: ಸೆಲ್ಫ್ ಡಿಫೆನ್ಸ್.

ಈ ಹುಚ್ಚಿನ ವಿಷಯ ಗೊತ್ತಿರೋ ಗೆಳೆಯರು ಆಗಾಗ ಕೇಳ್ತಾರೆ. “ಗುರು, ಸೆಲ್ಫ್ ಡಿಫೆನ್ಸ್‌ಗೆ ಒಂದು ದೊಡ್ಡ ಫೋಲ್ಡಿಂಗ್ ನೈಫ್ ತಗೋಬೇಕು, ಯಾವುದು ಒಳ್ಳೇದು?” ಕೇಳೋನು ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರೋ ಆಸಾಮಿ. ಕೊನೇ ಸಲ ಹೊಡೆದಾಡಿದ್ದು ಏಳನೇ ಕ್ಲಾಸಿನಲ್ಲಿ, ಅದೂ ಸೋತಿದ್ದ. ಅವನಿಗೆ ಬೇಕಾಗಿರೋದು ಒಂದು ಚೆಂದದ ವಸ್ತು. ಆದರೆ ಅಷ್ಟು ದುಡ್ಡು ಸುರಿಯೋಕೆ ಮನೆಯವರ ಮುಂದೆ, ತನ್ನ ಮುಂದೆಯೂ, ಒಂದು ನೆಪ ಬೇಕು. ಆ ನೆಪ ಸುಮ್ಮನೆ ನೆಪವಾಗಿದ್ದಿದ್ರೆ ನಕ್ಕು ಬಿಡಬಹುದಿತ್ತು. ಅದನ್ನ ನಂಬಿ ಜೇಬಿಗೆ ಹಾಕ್ಕೊಂಡು ಓಡಾಡೋರಿದ್ದಾರಲ್ಲ, ಅದಕ್ಕೇ ಈ ಬರಹ.

ಈ ಜಾತಿಯ ಚಾಕುಗಳಲ್ಲಿ ದೊಡ್ಡಣ್ಣ ಅನ್ನಿಸಿಕೊಂಡಿರೋ ಒಂದನ್ನೇ ತಗೊಳ್ಳೋಣ. ಅಮೆರಿಕದ ಕೋಲ್ಡ್ ಸ್ಟೀಲ್ ಕಂಪನಿಯ ಎಸ್ಪಾಡಾ, ಎಕ್ಸ್‌ಟ್ರಾ ಲಾರ್ಜ್. ಅಲಗು 7.5 ಇಂಚು, ಬಿಚ್ಚಿದರೆ ಒಟ್ಟು 16.75 ಇಂಚು. ಸ್ಪೇನಿನ ಹಳೇ ‘ನವಾಹಾ’ ಮಡಚು ಚಾಕುವಿನ ವಂಶ. ಒಳಗಿರೋದು ಆಂಡ್ರ್ಯೂ ಡೆಮ್ಕೊ ರೂಪಿಸಿದ ಟ್ರೈ-ಆ್ಯಡ್ ಲಾಕ್. ಅಲಗಿನ ಮೇಲೆ ಬೀಳೋ ಒತ್ತಡವನ್ನು ಲಾಕಿನ ಪಟ್ಟಿಯೊಂದೇ ಹೊರದೆ, ನಡುವೆ ಇಟ್ಟಿರೋ ಉಕ್ಕಿನ ಪಿನ್ ಹಂಚಿಕೊಳ್ಳುತ್ತೆ. ಮಡಚು ಚಾಕುಗಳಿಗೆ ಇರೋ ಅತಿ ಗಟ್ಟಿ ಲಾಕ್‌ಗಳಲ್ಲಿ ಇದೊಂದು. ಅದರಲ್ಲಿ ನನಗೇನೂ ತಕರಾರಿಲ್ಲ. ಕೈಯಲ್ಲಿ ಹಿಡಿದರೆ ಮೈ ಜುಂ ಅನ್ನುತ್ತೆ, ನಿಜ.

ಈಗ ಲೆಕ್ಕ ಹಾಕಿ. 16.75ರಲ್ಲಿ 7.5 ಕಳೆದರೆ ಹಿಡಿಯೇ 9.25 ಇಂಚು. ಅಂದ್ರೆ ಮಡಚಿದ ಮೇಲೂ ಒಂದು ಗೇಣಿನಷ್ಟು ಉದ್ದ. ಜೀನ್ಸ್ ಜೇಬಲ್ಲಿ ಇಟ್ಟುಕೊಂಡು ಸ್ಕೂಟರ್ ಮೇಲೆ ಒಂದ್ಸಲ ಕೂತು ನೋಡಿ, ಆಮೇಲೆ ಮಾತಾಡೋಣ. ಬ್ಯಾಗಲ್ಲಿ ಇಡ್ತೀನಿ ಅಂತೀರಾ? ಕಳ್ಳ ಬಂದಾಗ “ಒಂದ್ನಿಮಿಷ ಇರಪ್ಪಾ, ಚಾರ್ಜರ್ ಕೆಳಗಿದೆ” ಅನ್ನಬೇಕಾಗುತ್ತೆ.

ಇದು ತಮಾಷೆಯಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಬಂದು ಮುಟ್ಟಬಲ್ಲ ಅನ್ನೋದು ಅದರ ಸಾರ. ತರಬೇತಿ ಪಡೆದ ಪೊಲೀಸನಿಗೆ ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸೋಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ನೀವು ಅಷ್ಟರಲ್ಲಿ ಜೇಬಿಗೆ ಕೈ ಹಾಕಿ, ಚಾಕು ಎಳೆದು, ಹೆಬ್ಬೆರಳಿಂದ ಅಲಗು ಬಿಚ್ಚಿ, ಲಾಕ್ ಕೂತಿದೆಯಾ ಅಂತ ಖಾತ್ರಿ ಮಾಡ್ಕೊಬೇಕು. ಗಾಬರಿಯಲ್ಲಿ ಮೊದಲು ಕೈಕೊಡೋದು ಬೆರಳುಗಳೇ. ಕತ್ತಲಲ್ಲಿ ಮನೆ ಬೀಗಕ್ಕೆ ಕೀ ಹಾಕೋವಾಗ ನಡುಗಿದ ಕೈ ನೆನಪು ಮಾಡ್ಕೊಳ್ಳಿ. ಇನ್ನೊಂದು ವಿಷಯ: ಚಾಕು ಕೆಲಸ ಮಾಡಬೇಕಾದ್ರೆ ನೀವು ಎದುರಾಳಿಯ ಕೈಗೆ ಸಿಗೋ ಅಂತರದಲ್ಲೇ ಇರಬೇಕು. ತಪ್ಪಿಸಿಕೊಳ್ಳೋದೇ ಗುರಿ ಅಂದ್ರೆ, ಇರಬಾರದ ಜಾಗ ಅದೊಂದೇ.

ಜಾಹೀರಾತು ಬೇರೇನೇ ತೋರಿಸುತ್ತೆ. ಲಾಕ್‌ಗೆ ತೂಕ ನೇತುಹಾಕ್ತಾರೆ, ದಪ್ಪ ಹಗ್ಗ ಕಡೀತಾರೆ, ನೇತಾಡೋ ಹಂದಿ ಮಾಂಸಕ್ಕೆ ಬೀಸ್ತಾರೆ. ಚಾಕು ಹರಿತವಾಗಿದೆ, ಲಾಕ್ ಗಟ್ಟಿಯಾಗಿದೆ ಅಂತ ಇದರಿಂದ ಗೊತ್ತಾಗುತ್ತೆ, ಒಪ್ಪಿದೆ. ಆದರೆ ಹಂದಿ ತೊಡೆ ತಿರುಗಿ ಹೊಡೆಯಲ್ಲ. ಅದಕ್ಕೆ ಇಬ್ಬರು ಜೊತೆಗಾರರೂ ಇರಲ್ಲ.

“ಬಳಸೋದಕ್ಕಲ್ಲ ಮಾರಾಯ, ತೋರಿಸಿದ್ರೆ ಸಾಕು, ಓಡಿಹೋಗ್ತಾರೆ” ಅನ್ನೋ ವಾದ ಮುಂದಿನದು. ಇದು ನಮಗೆ ನಮ್ಮ ಸಿನಿಮಾ ಕಲಿಸಿದ ಪಾಠ. 1995ರ ‘ಓಂ’ನಿಂದ ಹಿಡಿದು ಲಾಂಗು ಎತ್ತಿದ ಹೀರೋ ಮುಂದೆ ಊರೇ ಎರಡು ಭಾಗ ಆಗೋದನ್ನ ನೋಡಿ ಬೆಳೆದವರು ನಾವು. ವಾಸ್ತವ ಏನಪ್ಪಾ ಅಂದ್ರೆ, ಮೊಬೈಲ್ ಕಿತ್ತುಕೊಂಡು ಹೋಗೋನು ನಿಮ್ಮ ಚಾಕು ನೋಡೋಕೆ ನಿಲ್ಲೋದೇ ಇಲ್ಲ. ನಿಲ್ಲೋನು ನಿಮಗಿಂತ ದೊಡ್ಡದನ್ನ ತಂದಿರ್ತಾನೆ. ಟ್ರಾಫಿಕ್ ಜಗಳದಲ್ಲಿ ಎದುರು ನಿಂತೋನು ನಿಮ್ಮಷ್ಟೇ ಸಾಧಾರಣ ಮನುಷ್ಯ, ನಿಮ್ಮಷ್ಟೇ ಸಿಟ್ಟಲ್ಲಿರೋನು. ಅಲ್ಲಿ ಚಾಕು ಹೊರಗೆ ಬಂದ ಕ್ಷಣ, ಸೈಡ್ ಮಿರರ್ ಜಗಳ ಕ್ರಿಮಿನಲ್ ಕೇಸಾಗುತ್ತೆ. ಆರೋಪಿ ನೀವೇ.

ಕಾನೂನಿನ ಬಗ್ಗೆ ಎಲ್ಲರ ಬಾಯಲ್ಲೂ ಇರೋದು “ಒಂಬತ್ತು ಇಂಚಿನೊಳಗೆ ಇದ್ರೆ ಲೀಗಲ್” ಅನ್ನೋ ಮಂತ್ರ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಅಲಗುಗಳ ಮಾತು ಇರೋದು ಹೌದು. ಆದರೆ ಅದು ಯಾವುದು ಆಯುಧದ ಪಟ್ಟಿಗೆ ಸೇರುತ್ತೆ ಅನ್ನೋ ಅಳತೆ. ಜೇಬಲ್ಲಿಟ್ಟು ತಿರುಗಿ ಅಂತ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ಅಲ್ಲ. ದಿಲ್ಲಿಯಲ್ಲಿ 1980ರ ಅಧಿಸೂಚನೆಯೊಂದಿದೆ. ಬಟನ್, ಸ್ಪ್ರಿಂಗ್, ಗರಾರಿಯಂಥ ಯಂತ್ರದಿಂದ ತೆರೆದುಕೊಳ್ಳೋ ಚಾಕುಗಳಿಗೆ ಅಲ್ಲಿ ಮಿತಿ 7.62 ಸೆಂಟಿಮೀಟರ್. ಹೆಚ್ಚುಕಡಿಮೆ ಮೂರೇ ಇಂಚು. ಊರು ಬದಲಾದರೆ ಅಳತೆಯೂ ಬದಲಾಗುತ್ತೆ.

ಆತ್ಮರಕ್ಷಣೆಯ ಹಕ್ಕು ನಮಗೆ ಇದೆ, ಹಿಂದೆ ಐಪಿಸಿಯಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಜೊತೆಗೇ ಒಂದು ಷರತ್ತೂ ಇದೆ: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ. 2024ರಲ್ಲಿ ನಮ್ಮ ಹೈಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಪೆಪ್ಪರ್ ಸ್ಪ್ರೇ ಬಳಸಿದವರು ಆತ್ಮರಕ್ಷಣೆ ಅಂದರು. ಜೀವಕ್ಕೆ ಅಪಾಯ ಇರಲಿಲ್ಲ, ಸ್ಪ್ರೇಯೂ ಅಪಾಯಕಾರಿ ಆಯುಧವಾಗಬಹುದು ಅಂತ ಕೋರ್ಟ್ ಹೇಳಿತು, ಕೇಸು ರದ್ದು ಮಾಡಲಿಲ್ಲ. ಸ್ಪ್ರೇ ಕಥೆಯೇ ಹೀಗಾದ್ರೆ, ಏಳೂವರೆ ಇಂಚಿನ ಅಲಗಿಗೆ ನೀವು ಏನಂತ ವಿವರಣೆ ಕೊಡ್ತೀರಿ? ಆ್ಯಪಲ್ ಕಟ್ ಮಾಡೋಕೆ ಅಂತಾನಾ?

ನನಗೆ ನಿಜಕ್ಕೂ ಸಿಟ್ಟು ಬರೋದು ಇನ್ನೊಂದು ಕಡೆ. ಹಿಂದೆ ನಾನಿದ್ದ ಒಂದು ಆಫೀಸಿನಲ್ಲಿ, ಮಹಿಳಾ ದಿನಕ್ಕೆ ನೈಟ್ ಶಿಫ್ಟ್ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಮಡಚು ಚಾಕು ಗಿಫ್ಟ್ ಕೊಡೋಣ ಅನ್ನೋ ಐಡಿಯಾ ಬಂತು. ಮೀಟಿಂಗಲ್ಲಿ ಚಪ್ಪಾಳೆ ಬೇರೆ. ಅದೇ ತಿಂಗಳು ರಾತ್ರಿ ಕ್ಯಾಬ್‌ಗಳ ಸಂಖ್ಯೆ ಕಡಿಮೆ ಮಾಡಿದ್ದರು. ಮನೆ ಬಾಗಿಲಿಗೆ ಬಿಡುತ್ತಿದ್ದ ಗಾಡಿ ಮೇನ್ ರೋಡಿಗೇ ನಿಲ್ಲತೊಡಗಿತ್ತು. ಅಂದ್ರೆ ಲೆಕ್ಕ ಸರಳ: ಗಾಡಿ ಕೊಡೋದು ಕಂಪನಿ ಕೆಲಸ, ಅದಕ್ಕೆ ಖರ್ಚಿದೆ, ದೀಪ ಹಾಕೋದು ಪಾಲಿಕೆ ಕೆಲಸ, ಅದಕ್ಕೆ ಫೈಲಿದೆ, ಚಾಕು ಕೊಟ್ಟುಬಿಟ್ರೆ ಜವಾಬ್ದಾರಿ ಎಲ್ಲಾ ಆ ಹುಡುಗಿಯದ್ದೇ. ನಾಳೆ ಏನಾದ್ರೂ ಆದರೆ “ಚಾಕು ಕೊಟ್ಟಿದ್ವಲ್ಲ, ಬಳಸಲಿಲ್ವಾ?” ಅಂತ ಕೇಳಬಹುದು. ಆತ್ಮರಕ್ಷಣೆ ಅನ್ನೋ ಪದ ಎಷ್ಟು ಸಲೀಸಾಗಿ ಕೈತೊಳೆಯೋ ಸೋಪಾಗುತ್ತೆ ನೋಡಿ. ಮನೆ ಬಾಗಿಲವರೆಗೆ ಕ್ಯಾಬ್ ಕೇಳಿ, ಬೀದಿ ದೀಪ ಕೇಳಿ, 112 ಫೋನಲ್ಲಿ ಒಂದೇ ಒತ್ತಿಗೆ ಸಿಗೋ ಹಾಗೆ ಇಡಿ. ಓಡೋಕಾಗೋ ಚಪ್ಪಲಿ ಹಾಕಿ. ಇವು ಯಾವುವೂ ಫೋಟೋದಲ್ಲಿ ಚೆನ್ನಾಗಿ ಬರಲ್ಲ, ಗೊತ್ತು.

ಹಂಗಂತ ದೊಡ್ಡ ಚಾಕು ಕೊಳ್ಳಲೇಬಾರದಾ? ಕೊಳ್ಳಿ ಸ್ವಾಮಿ, ಸಂಗ್ರಹಕ್ಕೆ ಅಂತ ಧೈರ್ಯವಾಗಿ ಹೇಳಿ ಕೊಳ್ಳಿ. ಆ ಸುಳ್ಳು ಬಿಟ್ಟ ಕೂಡಲೇ ನೋಡೋ ಕಣ್ಣೇ ಬದಲಾಗುತ್ತೆ. ‘ಟ್ಯಾಕ್ಟಿಕಲ್’ ಅನ್ನೋ ಕಪ್ಪು ಬಣ್ಣ, ಹಲ್ಲುಹಲ್ಲಿನ ಅಂಚು ಕಣ್ಣಿಗೆ ಬೀಳಲ್ಲ; ಕೆಲಸ ಕಾಣುತ್ತೆ. ಬಿಚ್ಚಿ ಲಾಕ್ ಮಾಡಿ, ಅಲಗನ್ನು ಮೇಲೆ ಕೆಳಗೆ, ಪಕ್ಕಕ್ಕೆ ಮೆಲ್ಲಗೆ ಅಲುಗಿಸಿ, ಅಲುಗಾಡಬಾರದು. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರಬೇಕು, ಪಕ್ಕಕ್ಕೆ ಉಜ್ಜಬಾರದು. ಉಕ್ಕಿನ ಹೆಸರು ಕೇಳಿ. ಡಿ2 ಉಕ್ಕು ಹರಿತವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತೆ, ಆದರೆ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಮಂಗಳೂರಿನ ಮಳೆಗಾಲಕ್ಕೆ ಚುಕ್ಕೆ ಬೀಳುತ್ತೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತೆ. ಕೊಬ್ಬರಿ ಎಣ್ಣೆ ಅಂಟಾಗುತ್ತೆ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು.

ಸಂಗ್ರಹ ಅಂದಮೇಲೆ ಕಥೆ ಇರೋದನ್ನ ಹುಡುಕಿ. ಬಕ್ 110 ಬಂದದ್ದು 1964ರಲ್ಲಿ. ಹಿತ್ತಾಳೆ, ಮರ, ಪೌಣೆ ನಾಲ್ಕಿಂಚಿನ ಅಲಗು, ಇವತ್ತಿಗೂ ತಯಾರಾಗ್ತಿದೆ. ಫ್ರಾನ್ಸಿನ ಒಪಿನೆಲ್‌ಗೆ 1955ರಲ್ಲಿ ಸೇರಿದ್ದು ಒಂದು ತಿರುಗೋ ಉಂಗುರ, ಅದೇ ಲಾಕ್; ಅದಕ್ಕಿಂತ ಸರಳವಾದದ್ದನ್ನ ನಾನು ನೋಡಿಲ್ಲ. ನಮ್ಮ ದೇಶದಲ್ಲೇ ರಾಂಪುರಿ ಇದೆ. ಹಿಂದಿ ಸಿನಿಮಾದ ವಿಲನ್‌ಗಳು ಕಟಕಟ ಅಂತ ಬಿಚ್ಚಿ ಹೆಸರು ಕೆಡಿಸಿದ ಚಾಕುವನ್ನು ರಾಂಪುರ ಊರು 2023ರಲ್ಲಿ ಸುಮಾರು 20 ಅಡಿಯ ಪ್ರತಿಮೆ ಮಾಡಿ ಚೌಕದಲ್ಲಿ ನಿಲ್ಲಿಸಿತು. ಅದನ್ನ ಮಾಡೋ ಕೈಗಳು ಮಾತ್ರ ಬೆರಳೆಣಿಕೆಗೆ ಬಂದಿವೆ. ಕೊಡಗಿನಲ್ಲಿ ಮದುಮಗ ಪೀಚೆಕತ್ತಿಯನ್ನು ಸೊಂಟಕ್ಕೆ ಸಿಗಿಸೋದು ಯಾರನ್ನೋ ಇರಿಯೋಕಲ್ಲ, ತಾನು ಯಾವ ಮನೆಯವನು ಅಂತ ಹೇಳೋಕೆ. ಕತ್ತಿಗೆ ಗೌರವ ಕೊಡೋ ರೀತಿ ಅದು.

ಚಾಕುವನ್ನ ಪ್ರೀತಿಸೋನು ಅದನ್ನ ಡ್ರಾಯರ್‌ನಲ್ಲಿ ಇಟ್ಟು ಮನೆಗೆ ಬೀಗ ಹಾಕಿ ಹೋಗ್ತಾನೆ. ಜೇಬಲ್ಲಿ ಇಟ್ಟುಕೊಂಡು ತಿರುಗೋನು ಪ್ರೀತಿಸ್ತಿರೋದು ತನ್ನ ಭಯವನ್ನ. ಭಯ ನಿಜವಾದದ್ದೇ ಇರಬಹುದು, ಅದಕ್ಕೆ ಉತ್ತರ ಕೊಡಬೇಕಾದವರೂ ಇದ್ದಾರೆ. ಅವರಿಗೆ ಅರ್ಜಿ ಬರೆಯೋಣ, ಗಲಾಟೆ ಮಾಡೋಣ, ಬಿಡಬಾರದು. ಅಂಗಡಿಯವನಿಗೆ ದುಡ್ಡು ಕೊಟ್ಟು ಆ ಭಯವನ್ನ ಮಡಚಿ ಜೇಬಿಗೆ ಹಾಕ್ಕೊಳ್ಳೋದು ಬೇಡ.