ಹೆಬ್ಬೆಟ್ಟು ಒತ್ತಿಸಿಕೊಂಡರೆ ಪಾಲಕ ಸಭೆಯಾಯಿತೇ?

ನಮ್ಮ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಕನ್ನಡದ ಸಭೆ ಜರುಗಿದಾಗಲೆಲ್ಲ ನಾಮಫಲಕ, ಅನುದಾನ, ಕನ್ನಡ ಶಾಲೆ ಎಂಬ ಮೂರು ಬೇಡಿಕೆಗಳು ಠರಾವಾಗಿ ಹೊರಬೀಳುತ್ತವೆ. ಅವಕ್ಕೆ ನಾನೂ ಕೈಯೆತ್ತಿದ್ದೇನೆ. ಆದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ಸ್ಥಿತಿಯಲ್ಲಿ ಇಂದು ಕಲಿಯುತ್ತಿರುವ ಮಗುವಿನ ಮನೆಗೆ ಶಾಲೆಯಿಂದ ಯಾರು ಹೋಗಬೇಕು, ತಾಯಿಯೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು, ಆ ಕೆಲಸಕ್ಕೆ ಅವರನ್ನು ಸಿದ್ಧಗೊಳಿಸುವವರು ಯಾರು ಎಂದು ಯಾವ ಠರಾವೂ ಕೇಳಿಲ್ಲ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮುಖ್ಯಾಧ್ಯಾಪಕನಾಗಿದ್ದಾಗ ಪಾಲಕ ಸಭೆಗಳನ್ನು ಮರಾಠಿಯಲ್ಲೇ ನಡೆಸುತ್ತಿದ್ದೆ. ಕನ್ನಡ ನನ್ನ ಮನೆಮಾತು. ಎದುರು ಕುಳಿತ ಅನೇಕ ತಾಯಂದಿರ ಮನೆಮಾತೂ ಅದೇ. ಆದರೂ ಆ ಕುರ್ಚಿಯಲ್ಲಿ ಕುಳಿತೊಡನೆ ನನ್ನ ಬಾಯಿಗೆ ಕನ್ನಡ ಬರುತ್ತಿರಲಿಲ್ಲ. ಒಮ್ಮೆ ಒಬ್ಬ ತಾಯಿ ಹಾಜರಿ ವಹಿಯಲ್ಲಿ ಹೆಬ್ಬೆಟ್ಟು ಒತ್ತಿ, ಬಾಗಿಲ ಬಳಿ ನಿಂತು, “ಸರ, ನನ್ನ ಮಗಳ ಬಗ್ಗೆ ಏನ್ ಹೇಳಿದ್ರಿ? ನನಗ ತಿಳೀಲಿಲ್ರಿ” ಎಂದಳು. “ಛಲೋ ಓದ್ತಾಳವ್ವ, ದಿನಾ ಕಳಸು” ಎಂದಷ್ಟೇ ಹೇಳಿ ಕಳುಹಿಸಿದೆ. ದೀಪಾವಳಿಯ ಹೊತ್ತಿಗೆ, ಮುಕಾದಮನಿಂದ ಮುಂಗಡ ಪಡೆದಿದ್ದ ಆ ಕುಟುಂಬ ಕಬ್ಬು ಕಡಿಯಲು ಹೊರಟಿತು. ಏಳನೆಯ ಇಯತ್ತೆಯ ಹುಡುಗಿಯೂ ಹೊರಟಳು. ಅವಳನ್ನು ಅಜ್ಜಿಯ ಬಳಿ ಬಿಟ್ಟುಹೋಗಬಹುದೇ ಎಂದು ಕೇಳುವುದಕ್ಕೆ ಹತ್ತು ನಿಮಿಷ ಸಾಕಿತ್ತು. ನಾನು ಕೇಳಲಿಲ್ಲ. ಅವಳು ಮರಳಿ ಶಾಲೆಗೆ ಬರಲಿಲ್ಲ.

ನನ್ನ ಕಾಲದ ಬಿ.ಎಡ್. ಒಂದು ವರ್ಷದ್ದು. ಪಾಠಯೋಜನೆ ಬರೆಯಲು, ಕಪ್ಪುಹಲಗೆಯನ್ನು ಬಳಸಲು ಕಲಿಸಿದರು. ತಾಯಿಯ ಮಾತನ್ನು ಕೇಳಿಸಿಕೊಳ್ಳಲು ಕಲಿಸಲಿಲ್ಲ. 2015ರಿಂದ ಅದು ಎರಡು ವರ್ಷದ್ದಾಗಿದೆ. ಪಾಲಕರ ಸಹಭಾಗದ ಮೇಲೆ ಪರೀಕ್ಷೆಯಲ್ಲಿ ಟಿಪ್ಪಣಿ ಬರೆಯುವುದು ಬೇರೆ, ಅಂಗಳದಲ್ಲಿ ಕುಳಿತು ಒಂದು ಮನೆಯ ಸಂಕಟ ತಿಳಿಯುವುದು ಬೇರೆ.

ಕಾಗದಕ್ಕೇನೂ ಬಡತನವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಗಳಿಗೆ ಸಮುಪದೇಶಕರು, ಸಮಾಜಕಾರ್ಯಕರ್ತರು ಬೇಕೆನ್ನುತ್ತದೆ. ಆದರೆ ಅರ್ಥವಾಗದ ಭಾಷೆಯ ಸಭೆಯಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತ ಕುಳಿತ ಸದಸ್ಯೆಯಿಂದ ಯಾವ ವ್ಯವಸ್ಥಾಪನೆ ಸಾಧ್ಯ?

ಇದೆಲ್ಲ ಪಟ್ಟಣದ ಶೋಕಿ ಎಂದು ಗೆಳೆಯರು ನಗುತ್ತಾರೆ. ಅಮೆರಿಕೆಯ ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ 1906-07ರಲ್ಲಿಯೇ ಶಾಲೆಯ ಪರವಾಗಿ ಮನೆಮನೆಗೆ ಹೋಗುವ ಶಿಕ್ಷಕಿಯರಿದ್ದರು. ಅವರು ಹೋಗುತ್ತಿದ್ದುದು ಶ್ರೀಮಂತರ ಬಂಗಲೆಗಳಿಗಲ್ಲ, ಬಡವರ, ವಲಸೆ ಬಂದವರ ಮನೆಗಳಿಗೆ. ಶಿಕ್ಷಕರೇ ಮಾಡಲಿ ಎನ್ನುವವರು ಚುನಾವಣೆ, ಜನಗಣತಿ, ಬಿಸಿಯೂಟದ ಲೆಕ್ಕಗಳ ನಡುವೆ ಅವರಿಗೆ ಉಳಿಯುವ ಹೊತ್ತೆಷ್ಟು ಎಂಬುದನ್ನು ನೋಡಲಿ. ಮೇಲಾಗಿ, ಬದಲಿಯಾಗಿ ಬಂದವರಿಗೆ ಕನ್ನಡವೇ ತಿಳಿದಿರುವುದಿಲ್ಲ.

ತಾಯಿಯೇ ಮರಾಠಿ ಕಲಿಯಲಿ ಎಂಬ ವಾದವೂ ಉಂಟು. ಆಕೆಗೆ ಸಂತೆಯ ಮರಾಠಿ ಚೆನ್ನಾಗಿಯೇ ಬರುತ್ತದೆ. ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟದ್ದು 1956ರಲ್ಲಿ. ಅಂದಿನಿಂದ ವ್ಯವಹಾರಕ್ಕೆ ಬೇಕಾದ ಭಾಷೆಯನ್ನು ನಮ್ಮ ಹೆಣ್ಣುಮಕ್ಕಳು ಕಲಿತೇ ಇದ್ದಾರೆ. ಆದರೆ ಗಂಡನ ಕುಡಿತ, ಮಗಳು ದೊಡ್ಡವಳಾದ ಮೇಲಿನ ದಾರಿಯ ಭಯ, ತೀರದ ಸಾಲ ಇವು ಸಂತೆಯ ಭಾಷೆಯಲ್ಲಿ ಹೊರಬರುವ ಮಾತುಗಳಲ್ಲ. ಮರಾಠಿಯ ಮೇಲೆ ನನಗೆ ದ್ವೇಷವಿಲ್ಲ, ಅದು ನನಗೆ ಅನ್ನವಿತ್ತ ಭಾಷೆ. ಮನೆಗೆ ಹೋಗುವವರಿಗೆ ಎರಡೂ ಭಾಷೆ ಬರಬೇಕೆಂಬುದಷ್ಟೇ ನನ್ನ ಹಟ.

ಅಂಥವರನ್ನು ತಯಾರಿಸಲು ದೂರ ಹೋಗಬೇಕಿಲ್ಲ. ಉಮರಗಾದ ಜಿಲ್ಲೆಯಲ್ಲಿಯೇ, ತುಳಜಾಪುರದಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಗ್ರಾಮೀಣ ಕೇಂದ್ರವಿದೆ. ಬಿ.ಎ. ಮುಗಿಸಿ ಮನೆಯಲ್ಲಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ಸಮಾಜಕಾರ್ಯವೆಂಬ ಓದು ಉಂಟೆಂದು ಹೇಳಿದವರಾರು? ನಾವು ಅವರಿಂದ ಸ್ವಾಗತಗೀತೆ ಹಾಡಿಸಿದೆವು, ಆರತಿ ಹಿಡಿಸಿದೆವು. ಸಂಘವು ಶಾಲು, ಹಾರ, ಫಲಕಗಳ ಖರ್ಚನ್ನು ಮೂರು ವರ್ಷ ನಿಲ್ಲಿಸಿ, ತಾಲೂಕಿಗೊಬ್ಬಳಂತೆ ಮೂವರ ಓದಿಗೆ ನೆರವಾಗಲಿ. ಇಂಥ ಹುದ್ದೆಗಳನ್ನು ತುಂಬುವಾಗ ನಮ್ಮ ಹಳ್ಳಿಗಳಿಗೆ ಕನ್ನಡ ಬಲ್ಲವರಿಗೇ ಆದ್ಯತೆ ಸಿಗಬೇಕೆಂದು ಜಿಲ್ಲಾ ಪರಿಷತ್ತಿನ ಬಾಗಿಲು ತಟ್ಟಲಿ.

ನನಗೆ ಈ ಸಲ ಸನ್ಮಾನವಿದೆಯೆಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಆ ಶಾಲಿನ ಬೆಲೆಯನ್ನು ಈ ನಿಧಿಯ ಮೊದಲ ಜಮೆಯಾಗಿ ಬರೆದುಕೊಳ್ಳಬೇಕೆಂದು ಕೋಶಾಧ್ಯಕ್ಷರಿಗೆ ಪತ್ರ ಕೊಟ್ಟಿದ್ದೇನೆ.