ಗೇರ್‌ಬಾಕ್ಸ್ ಆಯಿಲ್: ಅಳತೆಗೋಲು ಯಾರ ಕೈಯಲ್ಲಿ?

ಬಾನೆಟ್ ಎತ್ತಿದರೆ ಎಂಜಿನ್ ಆಯಿಲ್ ನೋಡುವ ಕಡ್ಡಿ ಹೆಚ್ಚಿನ ಕಾರುಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತದೆ. ಆಟೊಮ್ಯಾಟಿಕ್ ಕಾರಾದರೆ ಗೇರ್‌ಬಾಕ್ಸ್‌ಗೂ ಅಂಥದ್ದೇ ಇನ್ನೊಂದು ಕಡ್ಡಿ ಇರುತ್ತಿತ್ತು. ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದರೆ ಆಯಿಲ್ ಎಷ್ಟಿದೆ ಎಂಬುದರ ಜೊತೆಗೆ ಹೇಗಿದೆ ಎಂಬುದೂ ತಿಳಿಯುತ್ತಿತ್ತು. ಬಣ್ಣ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟುಗಳು ಸವೆಯುತ್ತಿವೆ ಎಂದು ಮೆಕ್ಯಾನಿಕ್ ಮೂಗಿನಲ್ಲೇ ಹೇಳಿಬಿಡುತ್ತಿದ್ದ. ಇವತ್ತು ಷೋರೂಮಿನಿಂದ ಹೊರಬರುವ ಬಹುತೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಆ ಕಡ್ಡಿ ಇಲ್ಲ. ಅದರ ಜಾಗದಲ್ಲಿ ಕಾರಿನ ಹೊಟ್ಟೆಯಡಿ ಒಂದು ಬೋಲ್ಟ್ ಇದೆ. ಅದು ಎಲ್ಲಿದೆ, ಯಾವಾಗ ಬಿಚ್ಚಬೇಕು ಎಂಬುದು ಮಾಲೀಕರ ಕೈಪಿಡಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಕಡ್ಡಿ ಹೋದದ್ದಕ್ಕೆ ನನ್ನ ತಕರಾರಿಲ್ಲ. ಅದರ ಜೊತೆಗೆ ಮಾಹಿತಿಯೂ ಹೋಯಿತಲ್ಲ, ತಕರಾರು ಅದಕ್ಕೆ.

ಕಡ್ಡಿಯಿಲ್ಲದ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಮಟ್ಟ ನೋಡುವುದು ಬ್ರಹ್ಮವಿದ್ಯೆಯೇನಲ್ಲ, ಆದರೆ ನಿಯಮ ತಪ್ಪಿದರೆ ಲೆಕ್ಕ ತಪ್ಪುತ್ತದೆ. ಮೊದಲು ಕಾರು ನಾಲ್ಕೂ ಚಕ್ರಕ್ಕೆ ಸಮತಟ್ಟಾಗಿ ಲಿಫ್ಟ್ ಮೇಲೆ ನಿಲ್ಲಬೇಕು; ಮುಂದೆ ಮಾತ್ರ ಜಾಕ್ ಕೊಟ್ಟು ಎತ್ತಿದರೆ ಸಾಲದು. ಎಂಜಿನ್ ಓಡುತ್ತಿರುವ ಕಾರಿನಡಿ ಜಾಕ್ ನಂಬಿ ಮಲಗುವುದಂತೂ ಪ್ರಾಣಕ್ಕೆ ಎರವು. ಬ್ರೇಕ್ ಒತ್ತಿ ಹಿಡಿದು ಗೇರ್ ಲಿವರನ್ನು ಪಾರ್ಕಿಂಗ್‌ನಿಂದ ರಿವರ್ಸ್, ನ್ಯೂಟ್ರಲ್, ಡ್ರೈವ್ ತನಕ ಒಂದೊಂದರಲ್ಲೂ ಕೆಲ ಕ್ಷಣ ನಿಲ್ಲಿಸುತ್ತ ತಂದು, ಮತ್ತೆ ಪಾರ್ಕಿಂಗ್‌ಗೆ ಒಯ್ಯಬೇಕು. ಕಾಲುವೆಗಳಿಗೆಲ್ಲ ಆಯಿಲ್ ತುಂಬಿಕೊಳ್ಳುವುದು ಆಗಲೇ. ನಂತರ ಸ್ಕ್ಯಾನರ್ ಜೋಡಿಸಿ ಆಯಿಲ್‌ನ ತಾಪಮಾನ ನೋಡುತ್ತಿರಬೇಕು. ಹೇಳಿದ ಮಿತಿಗೆ ಬಂದಾಗ, ಎಂಜಿನ್ ಓಡುತ್ತಿರುವಂತೆಯೇ, ಕೆಳಗಿನ ಚೆಕ್ ಬೋಲ್ಟ್ ಬಿಚ್ಚಬೇಕು. ಎಳೆಯಂತೆ ಸುರಿದು ತೊಟ್ಟಿಕ್ಕುವ ಹಂತಕ್ಕೆ ಬಂದರೆ ಮಟ್ಟ ಸರಿ. ಏನೂ ಬಾರದಿದ್ದರೆ ಕಡಿಮೆ ಇದೆ ಎಂದರ್ಥ. ಮೇಲಿನ ಅಥವಾ ಪಕ್ಕದ ಫಿಲ್ಲರ್ ಕಿಂಡಿಯಿಂದ ಪಂಪಿನಲ್ಲಿ ತುಂಬುತ್ತ ಹೋಗಿ, ಕೆಳಗೆ ತೊಟ್ಟಿಕ್ಕಲು ಶುರುವಾದಾಗ ಹೊಸ ವಾಷರ್ ಹಾಕಿ ಬಿಗಿಯಬೇಕು.

ಅನುಭವಸ್ಥರು ಮೊದಲು ಫಿಲ್ಲರ್ ಬೋಲ್ಟನ್ನೇ ಸಡಿಲಿಸಿ ನೋಡುತ್ತಾರೆ. ಹಳೆಯ ಆಯಿಲ್ ಇಳಿಸಿದ ಮೇಲೆ ಅದು ತುಕ್ಕು ಹಿಡಿದು ಬಿಚ್ಚದಿದ್ದರೆ ಕಾರು ಗ್ಯಾರೇಜಿನಲ್ಲೇ ಉಳಿಯುತ್ತದೆ. ಇಳಿಸಿದ ಆಯಿಲನ್ನು ಅಳೆದಿಡುವುದೂ ಅಷ್ಟೇ ಮುಖ್ಯ, ಏಕೆಂದರೆ ಟಾರ್ಕ್ ಕನ್ವರ್ಟರ್ ಒಳಗಿನ ಆಯಿಲ್ ಸಾಮಾನ್ಯವಾಗಿ ಕೆಳಗಿಳಿಯುವುದಿಲ್ಲ. ಕ್ಯಾನ್ ಮೇಲಿನ ಒಟ್ಟು ಲೀಟರ್ ನಂಬಿ ತುಂಬಿದವರು ಕೆಡುತ್ತಾರೆ. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿರುವ ಆರು ಗೇರಿನ 09ಜಿ ಗೇರ್‌ಬಾಕ್ಸ್‌ನಲ್ಲಿ ಇಳಿಸುವುದಕ್ಕೂ ಅಳೆಯುವುದಕ್ಕೂ ಒಂದೇ ಕಿಂಡಿ. ಬೋಲ್ಟ್ ತೆಗೆದರೆ ಒಳಗೆ ಪುಟ್ಟ ಕೊಳವೆಯೊಂದು ನಿಂತಿರುತ್ತದೆ, ಅದರ ಬಾಯಿಯೇ ಮಟ್ಟದ ಗೆರೆ. ಗೊತ್ತಿಲ್ಲದೆ ಆ ಕೊಳವೆಯನ್ನೂ ತಿರುಗಿಸಿ ತೆಗೆದರೆ ಮಟ್ಟದ ಮಾತು ಬಿಡಿ, ಆಯಿಲೇ ಟ್ರೇಗೆ ಇಳಿಯುತ್ತದೆ.

ಈ ಗೇರ್‌ಬಾಕ್ಸ್‌ಗೆ ಹೇಳಿರುವ ತಾಪಮಾನ 35ರಿಂದ 45 ಡಿಗ್ರಿ ಸೆಲ್ಸಿಯಸ್. ಜರ್ಮನಿಯ ಝೆಡ್‌ಎಫ್ ಕಂಪನಿಯ ಆರು ಗೇರಿನ ಪೆಟ್ಟಿಗೆಗೆ 30ರಿಂದ 50. ಏಪ್ರಿಲ್–ಮೇನಲ್ಲಿ ಕಲಬುರಗಿ, ರಾಯಚೂರಿನ ಮಧ್ಯಾಹ್ನವೇ 40 ಡಿಗ್ರಿ ದಾಟಿರುತ್ತದೆ. ಓಡಿಸಿಕೊಂಡು ಬಂದ ಕಾರಿನ ಆಯಿಲ್ ಇನ್ನೂ ಎಷ್ಟೋ ಬಿಸಿ. ಅಲ್ಲಿ ಈ ಕೆಲಸ ನೆಟ್ಟಗಾಗಬೇಕಾದರೆ ಕಾರನ್ನು ಹಿಂದಿನ ರಾತ್ರಿಯೇ ಬಿಟ್ಟು, ಬೆಳಿಗ್ಗೆ ಬಿಸಿಲೇರುವ ಮೊದಲೇ ಶುರು ಮಾಡಬೇಕು. ಬಿಸಿಗೆ ಆಯಿಲ್ ಹಿಗ್ಗುತ್ತದೆ. ಕಾದಿರುವಾಗ ತೊಟ್ಟಿಕ್ಕಿತು ಎಂದು ಮುಚ್ಚಿದರೆ ನಿಜವಾಗಿ ಕಡಿಮೆ ಇರುತ್ತದೆ, ತಣ್ಣಗಿರುವಾಗ ತುಂಬಿದರೆ ಹೆಚ್ಚಾಗುತ್ತದೆ. ಕಡಿಮೆಯಾದರೆ ಪಂಪು ಗಾಳಿ ಎಳೆದು ಕ್ಲಚ್ ಜಾರುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ಒತ್ತಡ ಕುಸಿಯುತ್ತದೆ.

ಕಡ್ಡಿ ತೆಗೆದ ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಎಂಜಿನ್‌ನಂತೆ ಗೇರ್‌ಬಾಕ್ಸ್ ಆಯಿಲನ್ನು ಸುಡುವುದಿಲ್ಲ, ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಕಡ್ಡಿಯ ಕಿಂಡಿಯಿಂದ ದೂಳು, ಬಟ್ಟೆಯ ನಾರು ಒಳಹೋಗಿ ಸೂಕ್ಷ್ಮ ವಾಲ್ವ್‌ಗಳಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಅಪಾಯ, ಕಿಂಡಿ ಕಂಡಲ್ಲಿ ಯಾರೋ ಏನನ್ನೋ ಸುರಿಯುವುದು. ನಮ್ಮ ಬಿಡಿಭಾಗದ ಅಂಗಡಿಗಳಲ್ಲಿ ಪವರ್ ಸ್ಟೀರಿಂಗ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ‘ಕೆಂಪು ಆಯಿಲ್’ ಕೊಡುವುದು ಹೊಸದೇನಲ್ಲ. ಸಿವಿಟಿ ಗೇರ್‌ಬಾಕ್ಸ್‌ಗೆ ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ (ಎಟಿಎಫ್) ಸುರಿದರೆ ಅದರ ಲೋಹದ ಬೆಲ್ಟು ಹಿಡಿತ ಕಳೆದುಕೊಳ್ಳುತ್ತದೆ, ಡ್ಯುಯಲ್ ಕ್ಲಚ್‌ನ ಆಯಿಲೇ ಬೇರೆ. (ಎಎಂಟಿ ಕಾರುಗಳ ಕಥೆ ಇದಲ್ಲ. ಅಲ್ಲಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಗೇರ್ ಬದಲಿಸುವ ಕೈ ಮಾತ್ರ ಯಂತ್ರದ್ದು.)

ಆದರೆ ಎಂಜಿನಿಯರಿಂಗ್ ಕಾರಣವಷ್ಟೇ ಆಗಿದ್ದರೆ ಮರ್ಸಿಡಿಸ್‌ನ 722.6 ಗೇರ್‌ಬಾಕ್ಸ್ ಬೇರೆ ರೀತಿ ಇರುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಬಂದ ಅದರಲ್ಲಿ ಕಡ್ಡಿ ಇಳಿಸುವ ಕೊಳವೆ ಇತ್ತು. ಕಡ್ಡಿ ಮಾತ್ರ ಇರಲಿಲ್ಲ. ಕೊಳವೆಯ ಬಾಯಿಗೆ ಪಿನ್ ಹಾಕಿ ಸೀಲ್ ಮಾಡಿದ ಮುಚ್ಚಳ. ವರ್ಕ್‌ಶಾಪ್‌ನವರು ಮಾತ್ರ ತೆಗೆಯಬೇಕೆಂದು ತಾಕೀತು. ಅಳೆಯುವ ಕಡ್ಡಿ ಪ್ರತ್ಯೇಕ ಉಪಕರಣ. ಕಿಂಡಿ ಅಲ್ಲೇ ಇತ್ತು, ಮಾಲೀಕನಿಗೆ ಪ್ರವೇಶವಿರಲಿಲ್ಲ. ಅದರ ಆಯಿಲ್ ಬದಲಿಸುವುದೇ ಬೇಡ ಎಂದು ಮೊದಲು ಹೇಳಿದ ಕಂಪನಿಯೇ ಆಮೇಲೆ ನಿಲುವು ಬದಲಿಸಿ ಬದಲಿಸಲು ಸೂಚಿಸಿತು. ಝೆಡ್‌ಎಫ್ ಪೆಟ್ಟಿಗೆಗಳದ್ದೂ ಇದೇ ಹಾಡು. ಅವನ್ನು ಕೂರಿಸಿಕೊಂಡ ಹಲವು ಕಾರು ಕಂಪನಿಗಳು ಆಯಿಲ್ ಜೀವಮಾನಪೂರ್ತಿ ಸಾಕು ಎಂದವು. ಪೆಟ್ಟಿಗೆ ತಯಾರಿಸಿದ ಝೆಡ್‌ಎಫ್ ಮಾತ್ರ, ಬಳಕೆ ನೋಡಿಕೊಂಡು 80 ಸಾವಿರದಿಂದ 1.20 ಲಕ್ಷ ಕಿಲೊಮೀಟರ್ ನಡುವೆ ಬದಲಿಸಿ ಎನ್ನುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ದಿನವೂ ತೆವಳುವ ಕಾರಿಗೆ ಯಾರ ಮಾತು ಅನ್ವಯವಾಗಬೇಕು ಎಂದು ಬಿಡಿಸಿ ಹೇಳಬೇಕಿಲ್ಲ. ನಿಂತು ಹೊರಡುವ ದಟ್ಟಣೆ, ಬಿಸಿಲು, ಘಾಟಿ ರಸ್ತೆ ಇವೆಲ್ಲ ‘ಕಠಿಣ ಬಳಕೆ’ ಎಂದು ಎಷ್ಟೋ ಕಂಪನಿಗಳ ಸರ್ವಿಸ್ ಪಟ್ಟಿಯೇ ಒಪ್ಪಿಕೊಂಡಿದೆ.

ಏಟು ಬೀಳುವುದು ಹೆಚ್ಚಾಗಿ ಎರಡನೇ ಮಾಲೀಕನಿಗೆ. ವಾರಂಟಿ ಮುಗಿಯುವ ತನಕ ಗೇರ್‌ಬಾಕ್ಸ್ ತೊಂದರೆ ಕೊಡದಿದ್ದರೆ ಕಂಪನಿಗೆ ಸಾಕು, ಮಾರುವ ತನಕ ಕೊಡದಿದ್ದರೆ ಮೊದಲ ಮಾಲೀಕನಿಗೆ ಸಾಕು. ಆಮೇಲೆ ಕೊಂಡವನು ಕಡ್ಡಿ ಎಳೆದು ಮೂಸಿ ನೋಡುವ ಹಾಗೂ ಇಲ್ಲ. ಗೇರ್ ತಡವಾಗಿ ಬಿದ್ದು ಕಾರು ಜಗ್ಗತೊಡಗಿದಾಗಲೇ ಅವನಿಗೆ ವಿಷಯ ತಿಳಿಯುವುದು. ಅಷ್ಟರಲ್ಲಿ ಬಿಲ್ಲು ಲಕ್ಷದ ಲೆಕ್ಕಕ್ಕೆ ಬಂದಿರುತ್ತದೆ.

ದುರಸ್ತಿಯ ಮಾಹಿತಿ ಯಾರ ಕೈಗೆ ಸಿಗಬೇಕು ಎಂಬ ಪ್ರಶ್ನೆ ಭಾರತದಲ್ಲಿ ಎದ್ದಿಲ್ಲವೆಂದಲ್ಲ. ಬಿಡಿಭಾಗ ಮತ್ತು ಡಯಾಗ್ನೋಸ್ಟಿಕ್ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿ ಹಕ್ಕು’ ಕುರಿತು ಸಮಿತಿ ರಚಿಸಿ, ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಯಂತ್ರಗಳ ಜೊತೆ ವಾಹನವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಪೋರ್ಟಲ್‌ನಲ್ಲಿ ಕಂಪನಿ ಏನು ಹಾಕಿತೋ ಅಷ್ಟೇ. ಐರೋಪ್ಯ ಒಕ್ಕೂಟದಲ್ಲಿ ದುರಸ್ತಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜಿಗೂ ಕೊಡಲೇಬೇಕೆಂಬುದು ಕಾನೂನು. ಅಮೆರಿಕದ ಮಸಾಚುಸೆಟ್ಸ್ ರಾಜ್ಯ 2012ರಲ್ಲೇ ಅಂಥ ಕಾಯ್ದೆ ಮಾಡಿತು.

ಕಾಯ್ದೆ ಬರುವ ತನಕ ಕಾಯಬೇಕಾದಷ್ಟು ದೊಡ್ಡ ಕೆಲಸವೇನೂ ಇದಲ್ಲ. ಆಯಿಲ್‌ನ ನಿಖರ ದರ್ಜೆ, ಎಷ್ಟು ಲೀಟರ್, ಮಟ್ಟ ನೋಡುವ ತಾಪಮಾನ, ನಮ್ಮ ರಸ್ತೆಗಳಿಗೆ ತಕ್ಕ ಬದಲಾವಣೆಯ ಅವಧಿ: ಇವನ್ನು ಕೈಪಿಡಿಯ ಅರ್ಧ ಪುಟದಲ್ಲಿ, ಕನ್ನಡದಲ್ಲಿಯೂ, ಅಚ್ಚು ಹಾಕಲು ಏನು ಅಡ್ಡಿ? ಟೊಯೋಟಾದ ಹಲವು ಮಾದರಿಗಳಲ್ಲಿ ಸ್ಕ್ಯಾನರ್ ಇಲ್ಲದೆಯೂ ತಾಪಮಾನ ತಿಳಿಯುವ ಉಪಾಯವಿದೆ. ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್‌ನ ಎರಡು ಪಿನ್‌ಗಳನ್ನು ತಂತಿಯಿಂದ ಜೋಡಿಸಿ ನಿಗದಿತ ವಿಧಾನ ಅನುಸರಿಸಿದರೆ, ಸರಿಯಾದ ಬಿಸಿ ಬಂದಾಗ ‘ಡಿ’ ದೀಪವೇ ಸೂಚನೆ ಕೊಡುತ್ತದೆ. ಇದು ಬರೆದಿರುವುದು ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ.

ಅಳತೆಯನ್ನು ಮಾಲೀಕನ ಕಣ್ಣಿಗೇ ತೋರಿಸುವ ತಂತ್ರಜ್ಞಾನವೂ ಹೊಸದಲ್ಲ. ಬಿಎಂಡಬ್ಲ್ಯು ತನ್ನ ಅನೇಕ ಕಾರುಗಳಿಂದ ಎಂಜಿನ್ ಆಯಿಲ್ ಕಡ್ಡಿ ತೆಗೆದಾಗ ಮಟ್ಟವನ್ನು ಪರದೆಯ ಮೇಲೆ ತಂದಿತು. ಲಾರಿ, ಬಸ್ಸುಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡುವ ಅಮೆರಿಕದ ಆಲಿಸನ್ ಕಂಪನಿಯ ಎಷ್ಟೋ ಮಾದರಿಗಳಲ್ಲಿ ಚಾಲಕ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಗೇರ್ ಸೆಲೆಕ್ಟರ್‌ನ ಮೇಲೆ–ಕೆಳಗೆ ಬಾಣದ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಆಯಿಲ್ ಹದಬಿಸಿಗೆ ಬಂದಿದ್ದರೆ, ಎರಡು ನಿಮಿಷ ಕಾದ ಮೇಲೆ ಸರಿಯಿದೆಯೋ, ಕಡಿಮೆಯಿದ್ದರೆ ಎಷ್ಟು ಕಡಿಮೆ, ಹೆಚ್ಚಿದ್ದರೆ ಎಷ್ಟು ಹೆಚ್ಚು ಎಂದು ಅಲ್ಲೇ ಮೂಡುತ್ತದೆ. ನೂರಾರು ಗಾಡಿಗಳನ್ನು ಒಟ್ಟಿಗೆ ಕೊಳ್ಳುವ ಸಾರಿಗೆ ಸಂಸ್ಥೆಗಳು ಒಂದು ದಿನ ಗಾಡಿ ನಿಂತರೂ ನಷ್ಟದ ಲೆಕ್ಕ ಕೇಳುತ್ತವೆ. ಅವುಗಳಿಗೆ ಕಂಪನಿ ಈ ಗುಂಡಿ ಕೊಟ್ಟಿದೆ. ಒಂದೊಂದೇ ಕಾರನ್ನು ಸಾಲ ಮಾಡಿ ಕೊಳ್ಳುವವರು ಇನ್ನೂ ಕೇಳಿಲ್ಲ.